ಮುಂದೆ ಕೂರಲು ಜಾಗ ಇದೆಯಾ? ಬೆಂಗಳೂರಿನ ಆಧುನಿಕ ಕಟ್ಟಡಗಳನ್ನೂ ಹಳೆಯ ಚೌಕಗಳನ್ನೂ ಸುತ್ತಿ ತೋರಿಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನೆಂಟರು ಬಂದರೆ ಲಾಲ್‌ಬಾಗ್, ದೊಡ್ಡ ಬಸವಣ್ಣ, ಸಂಜೆ ವಿಧಾನಸೌಧದ ಮುಂದೊಂದು ಫೋಟೊ. ಅಲ್ಲಿಗೆ ಬೆಂಗಳೂರು ತೋರಿಸಿದ್ದು ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಹೆಸರಾಂತ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಬಿ.ವಿ. ದೋಶಿ, ಒಟ್ಟೊ ಕೋನಿಗ್ಸ್‌ಬರ್ಗರ್ ಈ ಮೂವರೂ ಕೆಲಸ ಮಾಡಿದ ಊರು ಇದು. ಅವರ ಕಟ್ಟಡಗಳ ಪಕ್ಕದಲ್ಲೇ ದಿನಾ ಬಸ್ಸಿನಲ್ಲಿ ಹಾದು ಹೋಗುವ ನಮಗೆ ಅದು ಗೊತ್ತೇ ಇರುವುದಿಲ್ಲ. ಎಂಟು ಹತ್ತು ಜನರ ಗುಂಪನ್ನು, ಅದು ಕಾಲೇಜು ಹುಡುಗರದ್ದಾಗಲಿ, ಅಪಾರ್ಟ್‌ಮೆಂಟಿನವರದ್ದಾಗಲಿ, ನಡೆಸಿಕೊಂಡು ಹೋಗಿ ಇವನ್ನು ತೋರಿಸಬೇಕು ಅನ್ನುವವರಿಗಾಗಿ ಈ ಬರಹ.

ಶುರುವಿಗೆ ಒಂದು ಮಾತು. ಕಟ್ಟಡದ ಶೈಲಿ, ಇಸವಿ, ವಾಸ್ತುಶಿಲ್ಪಿಯ ಹೆಸರು ಇವೆಲ್ಲ ಆಮೇಲೆ. ಪ್ರತಿ ನಿಲುಗಡೆಯಲ್ಲೂ ಗುಂಪಿಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಕೆಲಸವೂ ಇಲ್ಲದ ಒಬ್ಬ ಮನುಷ್ಯ ಈ ಕಟ್ಟಡದ ಮುಂದೆ ಬಂದು ಅರ್ಧ ಗಂಟೆ ಕೂರಬಹುದಾ? ನೆರಳಿದೆಯಾ, ಮೆಟ್ಟಿಲಿದೆಯಾ, ಬೇಲಿಯಿದೆಯಾ, ಯಾರಾದರೂ ಎಬ್ಬಿಸುತ್ತಾರಾ? ಈ ಪ್ರಶ್ನೆ ಹಿಡಿದು ನಡೆದರೆ ಕಟ್ಟಡಗಳೂ ಚೌಕಗಳೂ ಒಂದೇ ಕಥೆಯಾಗುತ್ತವೆ. ಇಲ್ಲದಿದ್ದರೆ ಅದು ಇಸವಿಗಳ ಪಟ್ಟಿಯಾಗಿ ಮೂರನೇ ನಿಲುಗಡೆಗೇ ಜನ ಮೊಬೈಲ್ ತೆಗೆಯುತ್ತಾರೆ.

ಹೊರಡುವ ಮುನ್ನ

ಭಾನುವಾರ ಆರಿಸಿಕೊಳ್ಳಿ. ಕಾರಣ ಮೂರು. ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ, ತಲೆ ಎತ್ತಿ ಮೇಲಿನ ಮಹಡಿ ನೋಡಲು ನಿಂತರೆ ಯಾರೂ ತಳ್ಳುವುದಿಲ್ಲ. ಕಬ್ಬನ್ ಪಾರ್ಕಿನೊಳಗೆ ವಾಹನ ಸಂಚಾರ ಇರುವುದಿಲ್ಲ. ವಿಧಾನಸೌಧದ ಒಳಗೆ ಕರೆದುಕೊಂಡು ಹೋಗಿ ತೋರಿಸುವ ವ್ಯವಸ್ಥೆ 2025ರಲ್ಲಿ ಶುರುವಾಗಿದ್ದು, ಅದಿರುವುದು ಭಾನುವಾರ ಮತ್ತು ಎರಡನೇ, ನಾಲ್ಕನೇ ಶನಿವಾರಗಳಲ್ಲಿ. ಅದಕ್ಕೆ ಆನ್‌ಲೈನಿನಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು, ಪ್ರತಿಯೊಬ್ಬರ ಹತ್ತಿರವೂ ಗುರುತಿನ ಚೀಟಿ ಇರಬೇಕು. ಒಬ್ಬರು ಮರೆತರೂ ಇಡೀ ಗುಂಪು ಗೇಟಿನಲ್ಲಿ ಕಾಯಬೇಕಾಗುತ್ತದೆ. ಹಿಂದಿನ ರಾತ್ರಿಯೇ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನೆನಪಿಸಿ.

ಭಾನುವಾರದ ನಷ್ಟವೆಂದರೆ ಸರ್ಕಾರಿ ಕಚೇರಿಗಳಿರುವ ಕಟ್ಟಡಗಳಿಗೆ ಬೀಗ. ಅವನ್ನು ಹೊರಗಿನಿಂದಲೇ ನೋಡಬೇಕು. ಸೋಮವಾರ ಮಾತ್ರ ಬೇಡವೇ ಬೇಡ, ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಿಂದ ಹಿಡಿದು ಸುಮಾರು ಕಡೆ ಅಂದು ರಜೆ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೋಗುವುದಾದರೆ ಮಧ್ಯಾಹ್ನ ಮೂರರೊಳಗೆ ತೆರೆದ ಜಾಗಗಳನ್ನು ಮುಗಿಸಿ, ಸಂಜೆ ಮಳೆ ಹೇಳಿ ಕೇಳಿ ಬರುವುದಿಲ್ಲ. ಗುಂಪು ಹತ್ತು ದಾಟಿದರೆ ಫುಟ್‌ಪಾತಿನಲ್ಲಿ ನಿಲ್ಲಿಸಿಕೊಂಡು ಮಾತಾಡುವುದೇ ಕಷ್ಟ. ಬಸ್ಸಿನ ಹಾರ್ನ್ ಮಧ್ಯೆ ಕಿರುಚಬೇಡಿ. ವಿಷಯವನ್ನು ಶಾಂತವಾದ ಜಾಗದಲ್ಲಿ ಮೊದಲೇ ಹೇಳಿ ಮುಗಿಸಿ, ಸರ್ಕಲ್ಲಿಗೆ ಬಂದಾಗ ಕೈ ತೋರಿಸಿದರೆ ಸಾಕು.

ಮೊದಲ ದಿನದ ನಡಿಗೆ ಆರೇಳು ಕಿಲೋಮೀಟರ್ ಆಗುತ್ತದೆ. ವಯಸ್ಸಾದವರಿದ್ದರೆ ಮಧ್ಯೆ ಮೆಟ್ರೊ ಬಳಸಿ. ಮೆಟ್ರೊ ನಿಲ್ದಾಣಗಳ ಶೌಚಾಲಯವೂ ಈ ದಾರಿಯಲ್ಲಿ ದೊಡ್ಡ ಉಪಕಾರ.

ಮೊದಲ ಹೆಜ್ಜೆ: ಕಲಾಕ್ಷೇತ್ರದಿಂದ ಟೌನ್ ಹಾಲ್

ಬೆಳಿಗ್ಗೆ ಏಳೂವರೆಗೆ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಮುಂದೆ ಸೇರಿ. ರವೀಂದ್ರನಾಥ ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ಬಾಗಿಲು ತೆರೆದ ರಂಗಮಂದಿರ ಇದು. ಆ ಕಾಲದಲ್ಲಿ ಬೇರೆ ಬೇರೆ ರಾಜ್ಯಗಳಲ್ಲೂ ಟಾಗೋರರ ಹೆಸರಿನ ರಂಗಮಂದಿರಗಳು ಎದ್ದವು. ಹೊಸ ದೇಶಕ್ಕೆ ಹೊಸ ಬಗೆಯ ಸಾರ್ವಜನಿಕ ಕಟ್ಟಡ ಬೇಕು ಅನ್ನುವ ಹುಮ್ಮಸ್ಸಿನ ದಿನಗಳವು. ಒಳಗಿನ ಸಭಾಂಗಣಕ್ಕಿಂತ ಹೊರಗಿನ ಮೆಟ್ಟಿಲು, ಮರದ ಕೆಳಗಿನ ಕಟ್ಟೆ, ಕ್ಯಾಂಟೀನು, ಹಿಂದಿನ ಸಂಸ ಬಯಲು ರಂಗಮಂದಿರ ಇವೇ ಇಲ್ಲಿ ಮುಖ್ಯ. 1972ರಲ್ಲಿ ಬಿ.ವಿ. ಕಾರಂತರು ನಾಟಕವನ್ನು ಒಳಗಿನ ವೇದಿಕೆಯಿಂದ ಹೊರಗೆ ಬಯಲಿಗೆ ತಂದಿದ್ದು ಇಲ್ಲೇ. ಕನ್ನಡದ ಆಧುನಿಕ ರಂಗಭೂಮಿ ಮಗ್ಗುಲು ಬದಲಿಸಿದ್ದು ಕಟ್ಟಡದ ಒಳಗಲ್ಲ, ಅದರ ಹಿತ್ತಲಲ್ಲಿ. ನಮ್ಮ ಪ್ರಶ್ನೆಗೆ ಇಲ್ಲಿ ಪೂರ್ತಿ ಅಂಕ. ನಾಟಕಕ್ಕೆ ಟಿಕೆಟ್ ಇಲ್ಲದವರೂ ಇಲ್ಲಿ ಸಂಜೆಯೆಲ್ಲ ಕೂತಿರುತ್ತಾರೆ.

ಅಲ್ಲಿಂದ ಐದಾರು ನಿಮಿಷ ನಡೆದರೆ ಸರ್ ಪುಟ್ಟಣ್ಣಚೆಟ್ಟಿ ಪುರಭವನ. 1935ರದು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದ ಕಟ್ಟಡ, ಗ್ರೀಕ್ ದೇವಾಲಯದ ಮುಖ, ಎತ್ತರದ ಕಂಬಗಳ ಸಾಲು. ಇದು ಆಧುನಿಕ ಶೈಲಿಯಲ್ಲ. ಆದರೂ ದಾರಿಯಲ್ಲಿ ಸೇರಿಸಿದ್ದು ಮುಂದಿನ ಮೆಟ್ಟಿಲುಗಳಿಗಾಗಿ. ಎಷ್ಟೋ ವರ್ಷ ಈ ನಗರದ ಪ್ರತಿಭಟನೆಗಳೆಲ್ಲ ನಡೆದದ್ದು ಈ ಮೆಟ್ಟಿಲ ಮೇಲೆ. ಎಡಗೈಯಲ್ಲಿ ಬ್ಯಾನರ್, ಬಲಗೈಯಲ್ಲಿ ಮೈಕ್, ಎದುರಿಗೆ ಟ್ರಾಫಿಕ್. 2021ರ ಆದೇಶದ ನಂತರ ಧರಣಿ, ಪ್ರತಿಭಟನೆಗಳಿಗೆ ಗೊತ್ತುಪಡಿಸಿದ ಜಾಗ ಫ್ರೀಡಂ ಪಾರ್ಕ್ ಒಂದೇ. ಈ ವಿಷಯ ಇಲ್ಲಿ ಹೇಳಿಬಿಡಿ, ಫ್ರೀಡಂ ಪಾರ್ಕಿಗೆ ಹೋದಾಗ ಬೇಕಾಗುತ್ತದೆ.

ಎರಡನೇ ಹೆಜ್ಜೆ: ಮಾರ್ಕೆಟ್ಟು, ದೊಡ್ಡಪೇಟೆ, ಮೈಸೂರ್ ಬ್ಯಾಂಕ್ ಸರ್ಕಲ್

ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಎಂಟೂವರೆಯೊಳಗೆ ತಲುಪಿ. ಹಳೆಯ ಕಟ್ಟಡ 1921ರದು. ನೆಲಮಹಡಿಯ ಹೂವಿನ ಅಂಗಳವನ್ನು ಮೇಲಿನ ಮಹಡಿಯ ಕಟಕಟೆಯಿಂದ ನೋಡಿಸಿ. ಫೋಟೊ ತೆಗೆಯುವವರಿಗೆ ಒಂದು ಎಚ್ಚರಿಕೆ: ಮೆಟ್ಟಿಲ ಮೇಲೆ ಸೇವಂತಿಗೆ, ಕನಕಾಂಬರದ ಎಸಳು ಬಿದ್ದು ಜಾರುತ್ತದೆ, ತಲೆ ಮೇಲೆ ಮೂಟೆ ಹೊತ್ತವರಿಗೆ ಬ್ರೇಕ್ ಇರುವುದಿಲ್ಲ. ಗೋಡೆಗೆ ಒತ್ತಿಕೊಂಡು ನಿಲ್ಲಿ. ಎದುರಿಗಿನ ಕೋಟೆಯಲ್ಲಿ ಉಳಿದಿರುವುದು ಒಂದು ಬಾಗಿಲು, ಒಂದಿಷ್ಟು ಗೋಡೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ಕೋಟೆಯನ್ನು ಹಿಡಿಯಿತು. ಪೇಟೆಗೂ ಕೋಟೆಗೂ ನಡುವಿನ ಬಯಲೇ ಮುಂದೆ ಮಾರುಕಟ್ಟೆಯಾದದ್ದು.

ಇಲ್ಲಿಂದ ಅವೆನ್ಯೂ ರಸ್ತೆ ಹಿಡಿಯಿರಿ. ಹಳೆಯ ಹೆಸರು ದೊಡ್ಡಪೇಟೆ. ಚಿಕ್ಕಪೇಟೆ ರಸ್ತೆ ಇದನ್ನು ಕತ್ತರಿಸುವ ಜಾಗದಲ್ಲಿ ನಿಂತು ನಾಲ್ಕೂ ದಿಕ್ಕು ನೋಡಿಸಿ. 1537ರಲ್ಲಿ ಕೆಂಪೇಗೌಡರು ಇದೇ ಚೌಕದಿಂದ ನಾಲ್ಕು ನೇಗಿಲು ಹೂಡಿಸಿ ನಾಲ್ಕು ದಿಕ್ಕಿಗೆ ಗೆರೆ ಎಳೆಸಿದರು, ಅವೇ ಪೇಟೆಯ ಬೀದಿಗಳಾದವು ಎಂಬುದು ಊರಿನ ನಂಬಿಕೆ. ಹಲಸೂರು, ಯಲಹಂಕ, ಆನೇಕಲ್, ಸೊಂಡೆಕೊಪ್ಪ, ಒಂದೊಂದು ದಿಕ್ಕಿಗೆ ಒಂದೊಂದು ದಾರಿ. ಬೆಂಗಳೂರಿನ ಅತಿ ಹಳೆಯ ಚೌಕ ಅಂತ ಒಂದಿದ್ದರೆ ಇದೇ. ಇಲ್ಲಿ ಒಂದು ಫಲಕ, ಒಂದು ಕಲ್ಲುಬೆಂಚು ಇದ್ದಿದ್ದರೆ ಏನು ಕಳೆದುಹೋಗುತ್ತಿತ್ತೋ ತಿಳಿಯದು. ಎತ್ತುಗಳು ಹೊರಟ ಜಾಗದಲ್ಲಿ ಈಗ ಲಗೇಜ್ ಆಟೊ ನಿಂತಿರುತ್ತದೆ.

ಭಾನುವಾರ ಈ ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹರಡಿಕೊಂಡು ಕೂರುತ್ತಾರೆ. ಗುಂಪಿನಲ್ಲಿ ಪುಸ್ತಕದ ಹುಚ್ಚಿನವರಿದ್ದರೆ ಅವರನ್ನು ಎಬ್ಬಿಸಿಕೊಂಡು ಹೋಗಲು ಹೆಚ್ಚುವರಿ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ತಿಂಡಿಗೆ ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದ ಕಡೆ ತಿರುಗಬಹುದು. ರಜೆಯ ದಿನವಾ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಅವೆನ್ಯೂ ರಸ್ತೆ ಮುಗಿಯುವಲ್ಲಿ ಮೈಸೂರ್ ಬ್ಯಾಂಕ್ ಸರ್ಕಲ್. 1913ರಲ್ಲಿ ಹುಟ್ಟಿದ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿಹೋಯಿತು. ಆದರೂ ಕಂಡಕ್ಟರು ಇವತ್ತಿಗೂ ಕೂಗುವುದು ‘ಮೈಸೂರ್ ಬ್ಯಾಂಕ್’ ಅಂತಲೇ. ಈ ಸರ್ಕಲ್ಲಿನಲ್ಲಿ ನೋಡಲೇಬೇಕಾದದ್ದು ಬ್ಯಾಂಕಿನ ಹಳೆಯ ಕಲ್ಲುಕಟ್ಟಡಕ್ಕಿಂತ ಹೆಚ್ಚಾಗಿ ಹುತಾತ್ಮರ ಸ್ಮಾರಕ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಪ್ರಾಣ ಕೊಟ್ಟವರ ನೆನಪಿನದು. ಸಿಗ್ನಲ್ ಬಿದ್ದಾಗ ಮಾತ್ರ ಅದರ ಹತ್ತಿರ ಹೋಗಲು ಸಾಧ್ಯ. ಸ್ಮಾರಕ ಇದೆ, ಅದರ ಮುಂದೆ ನಿಲ್ಲಲು ಜಾಗ ಇಲ್ಲ. ಇಲ್ಲಿಂದ ಮೆಜೆಸ್ಟಿಕ್ ಕಡೆಗೆ ಹೋಗುವ ಕೆಂಪೇಗೌಡ ರಸ್ತೆ ಒಂದು ಕಾಲಕ್ಕೆ ಚಿತ್ರಮಂದಿರಗಳ ಸಾಲು. ಕಪಾಲಿ ಮೊದಲಾದವು ಹೋದವು. ಊರಿನ ಸಾಮಾನ್ಯ ಜನ ಆಧುನಿಕ ಕಟ್ಟಡದೊಳಕ್ಕೆ ಮೊದಲು ಕಾಲಿಟ್ಟದ್ದು ಚಿತ್ರಮಂದಿರಗಳ ಮೂಲಕ, ಇದನ್ನು ವಾಸ್ತುಶಿಲ್ಪದ ಪುಸ್ತಕಗಳು ಹೇಳುವುದು ಕಡಿಮೆ.

ಮೂರನೇ ಹೆಜ್ಜೆ: ಫ್ರೀಡಂ ಪಾರ್ಕ್, ನಿಧಾನವಾಗಿ

ಇಲ್ಲಿ ಮುಕ್ಕಾಲು ಗಂಟೆಯಾದರೂ ಕೊಡಿ. ಸಾರ್ವಜನಿಕ ಉದ್ಯಾನಗಳ ಸಮಯ ಬದಲಾಗುತ್ತಿರುತ್ತದೆ, ನಡುಹಗಲಲ್ಲಿ ಗೇಟು ಮುಚ್ಚುವುದುಂಟಾ ಎಂದು ಹಿಂದಿನ ದಿನ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಇದು ಹತ್ತೊಂಬತ್ತನೇ ಶತಮಾನದ ಸೆಂಟ್ರಲ್ ಜೈಲು. ನಡುವೆ ಒಂದು ಕಾವಲು ಗೋಪುರ, ಅದರ ಸುತ್ತ ಕಿರಣಗಳ ಹಾಗೆ ಹರಡಿಕೊಂಡ ಬ್ಯಾರಕ್‌ಗಳು. ಗೋಪುರದ ಮೇಲೆ ನಿಂತ ಒಬ್ಬನೇ ಎಲ್ಲರ ಮೇಲೂ ಕಣ್ಣಿಡಬಹುದು, ನೋಡುತ್ತಿದ್ದಾನಾ ಇಲ್ಲವಾ ಎಂಬುದು ಮಾತ್ರ ಕೈದಿಗೆ ತಿಳಿಯಬಾರದು, ಅದೇ ಆ ನಕ್ಷೆಯ ಉಪಾಯ. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ಇಟ್ಟಿದ್ದು ಇಲ್ಲಿ. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು ಇಲ್ಲೇ ಬಂಧನಕ್ಕೊಳಗಾದರು. ಮುಂದೆ ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು, ಮ್ಯಾಥ್ಯೂ ಅಂಡ್ ಘೋಷ್ ಸಂಸ್ಥೆಯ ವಿನ್ಯಾಸದಲ್ಲಿ 2008ರಲ್ಲಿ ಈ ಜಾಗ ಸಾರ್ವಜನಿಕ ಉದ್ಯಾನವಾಯಿತು.

ವಿನ್ಯಾಸದ ಜಾಣತನ ಇರುವುದು ಏನನ್ನು ಕಟ್ಟಿದರು ಅನ್ನುವುದರಲ್ಲಲ್ಲ, ಏನನ್ನು ಬಿಟ್ಟರು ಅನ್ನುವುದರಲ್ಲಿ. ಕಾವಲು ಗೋಪುರ ಹಾಗೇ ಇದೆ. ಗೋಪುರದ ಬುಡದಲ್ಲಿ ನಿಂತು ಗುಂಪಿನ ಇಬ್ಬರನ್ನು ದೂರದ ಎರಡು ಗೋಡೆಗಳ ಮರೆಗೆ ಕಳಿಸಿ, ಅಲ್ಲಿಂದ ಅವರು ಕಾಣುತ್ತಾರಾ ನೋಡಿ. ನಕ್ಷೆ ಬಿಡಿಸಿ ಹೇಳುವುದಕ್ಕಿಂತ ಇದು ಬೇಗ ಅರ್ಥವಾಗುತ್ತದೆ.

ಆಮೇಲೆ ಪ್ರತಿಭಟನೆಗೆ ಮೀಸಲಿಟ್ಟ ಭಾಗಕ್ಕೆ ಬನ್ನಿ. ಧರಣಿ ನಡೆಯುತ್ತಿದ್ದರೆ ಬಗ್ಗಿ ನೋಡುವ ಪ್ರವಾಸಿಗರಾಗಬೇಡಿ, ಒಂದು ಬದಿ ನಿಂತು ಐದು ನಿಮಿಷ ಕೇಳಿ. ಯಾರದ್ದೂ ಮುಖದ ಫೋಟೊ ಕೇಳದೆ ತೆಗೆಯಬೇಡಿ. ಟೌನ್ ಹಾಲ್ ಮೆಟ್ಟಿಲ ಮೇಲಿನ ಧ್ವನಿ ದಾರಿಹೋಕರಿಗೆಲ್ಲ ಕೇಳುತ್ತಿತ್ತು. ಇಲ್ಲಿ ನೆರಳಿದೆ, ಜಾಗವಿದೆ, ಆದರೆ ಕೇಳಬೇಕೆಂದು ಬಂದವರಿಗೆ ಮಾತ್ರ ಕೇಳುತ್ತದೆ. ಚೌಕ ಅಂದರೆ ಬರೀ ಜಾಗವಲ್ಲ, ದಾರಿಯಲ್ಲಿ ಹೋಗುವವನಿಗೂ ಸಿಗಬೇಕು ಅನ್ನುವುದು ನನ್ನ ವಾದ. ಗುಂಪಿನಲ್ಲಿ ಇದಕ್ಕೆ ಒಪ್ಪದವರು ಖಂಡಿತ ಇರುತ್ತಾರೆ, ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದವರ ಕಷ್ಟ ಹೇಳುತ್ತಾರೆ. ಜಗಳ ನಡೆಯಲಿ ಬಿಡಿ.

ನಾಲ್ಕನೇ ಹೆಜ್ಜೆ: ಅಂಬೇಡ್ಕರ್ ವೀಧಿ

ಶೇಷಾದ್ರಿ ರಸ್ತೆಯಲ್ಲಿ ಕೆ.ಆರ್. ಸರ್ಕಲ್ ಕಡೆ ನಡೆಯಿರಿ. ಸರ್ಕಲ್ಲಿನಲ್ಲಿ ಯು.ವಿ.ಸಿ.ಇ. ಎಂಜಿನಿಯರಿಂಗ್ ಕಾಲೇಜು, ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿದ್ದು. ಈ ಊರಿನ ರಸ್ತೆ, ಅಣೆಕಟ್ಟು, ಕಚೇರಿಗಳನ್ನು ಕಟ್ಟಿದ ಎಷ್ಟೋ ಎಂಜಿನಿಯರುಗಳು ಓದಿದ ಮನೆ. ಅಲ್ಲಿಂದ ಎಂ.ಎಸ್. ಬಿಲ್ಡಿಂಗ್. ಪೂರ್ತಿ ಹೆಸರು ಬಹುಮಹಡಿ ಕಟ್ಟಡ ಅಂತಷ್ಟೇ. ಇದಕ್ಕಿಂತ ನೇರವಾದ ಹೆಸರು ಇನ್ನೊಂದಿಲ್ಲ. ಫೈಲು ಹುಡುಕಿಕೊಂಡು ಜಿಲ್ಲೆಗಳಿಂದ ಬಂದವರಿಗೆ ಬೆಂಗಳೂರು ಅಂದರೆ ಇದರ ಕಾರಿಡಾರು.

ಮುಂದೆ ವಿಧಾನಸೌಧ. ಆಧುನಿಕ ವಾಸ್ತುಶಿಲ್ಪದ ಪ್ರವಾಸದಲ್ಲಿ ಇದೇಕೆ ಎಂದು ಯಾರಾದರೂ ಕೇಳಿದರೆ ಖುಷಿಪಡಿ, ಒಳ್ಳೆಯ ಪ್ರಶ್ನೆ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟಾಗ ಯೋಜನೆಯಲ್ಲಿದ್ದುದು ಕೆ.ಸಿ. ರೆಡ್ಡಿಯವರ ಕಾಲದ, ಇದಕ್ಕಿಂತ ಚಿಕ್ಕದಾದ, ಸರಳವಾದ ಕಟ್ಟಡ. ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಅದನ್ನು ಬದಿಗಿಟ್ಟು ಹೊಸ ನಕ್ಷೆ ಮಾಡಿಸಿದರು. ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ. ರಷ್ಯಾದ ನಿಯೋಗವೊಂದು ಬೆಂಗಳೂರು ನೋಡಿ ‘ನಿಮ್ಮದೇ ಆದ ವಾಸ್ತುಶಿಲ್ಪ ಇಲ್ಲವೇ’ ಎಂದು ಕೇಳಿದ್ದು ಹನುಮಂತಯ್ಯನವರಿಗೆ ನಾಟಿತು ಎಂಬ ಕಥೆಯನ್ನು ಬೆಂಗಳೂರಿನವರು ಇವತ್ತಿಗೂ ಹೇಳುತ್ತಾರೆ. ಕಟ್ಟಡ 1956ರಲ್ಲಿ ಮುಗಿಯಿತು. ಅದೇ ವರ್ಷಗಳಲ್ಲಿ ಚಂಡೀಗಢದಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಗಾರೆ ಬಳಿಯದ ಒರಟು ಕಾಂಕ್ರೀಟಿನಲ್ಲಿ ರಾಜಧಾನಿ ಕಟ್ಟುತ್ತಿದ್ದ. ಹೊಸ ಸ್ವಾತಂತ್ರ್ಯಕ್ಕೆ ಎಂಥ ಮುಖ ಇರಬೇಕು ಎಂಬ ಒಂದೇ ಪ್ರಶ್ನೆಗೆ ಚಂಡೀಗಢ ಕಾಂಕ್ರೀಟಿನಲ್ಲೂ ಬೆಂಗಳೂರು ಕಗ್ಗಲ್ಲಿನ ಕಂಬ, ಗೋಪುರಗಳಲ್ಲೂ ಉತ್ತರಿಸಿತು. ಹಾಗೆ ನೋಡಿದರೆ ವಿಧಾನಸೌಧ ಆಧುನಿಕತೆಗೆ ಬೆನ್ನು ಹಾಕಿದ್ದಲ್ಲ, ಅದರ ಜೊತೆ ವಾದಕ್ಕಿಳಿದದ್ದು.

ಸಂಖ್ಯೆ ಕೇಳುವವರಿಗೆ: ಕಟ್ಟಡ ಸುಮಾರು 700 ಅಡಿ ಉದ್ದ, 350 ಅಡಿ ಅಗಲ. ಪೂರ್ವದ ಮುಖಮಂಟಪದಲ್ಲಿ 40 ಅಡಿ ಎತ್ತರದ 12 ಕಲ್ಲುಕಂಬಗಳು, ಅದಕ್ಕೇರಲು 200 ಅಡಿಗೂ ಅಗಲವಾದ 45 ಮೆಟ್ಟಿಲು. ಸಾವಿರಾರು ಜನ ಕೂರಬಹುದಾದ ಮೆಟ್ಟಿಲು ಅದು, ಪ್ರಮಾಣವಚನದ ದಿನ ಬಿಟ್ಟರೆ ಬಹುಮಟ್ಟಿಗೆ ಖಾಲಿ. ಸುತ್ತ ಕಬ್ಬಿಣದ ಬೇಲಿ. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಮೇಲೆ ಬರೆದಿರುವುದನ್ನು ನಾವು ಓದುವುದು ರಸ್ತೆಯ ಈಚೆಯಿಂದ. ಟಿಕೆಟ್ ಮಾಡಿಸಿದ್ದರೆ ಈಗ ಒಳಗೆ ಹೋಗಿಬನ್ನಿ, ಒಂದೂವರೆ ಗಂಟೆ ಹಿಡಿಯುತ್ತದೆ.

ಎದುರಿಗೆ ಕೆಂಪು ಬಣ್ಣದ ಅಠಾರಾ ಕಚೇರಿ, ಈಗಿನ ಹೈಕೋರ್ಟು. 1868ರಲ್ಲಿ ಮುಗಿದದ್ದು, ಆಗ ಹದಿನೆಂಟು ಇಲಾಖೆಗಳಿದ್ದವು. ವಿಧಾನಸೌಧ ಎದ್ದ ಮೇಲೆ ಸಚಿವಾಲಯ ಅಲ್ಲಿಂದ ಈ ಕಡೆ ಬಂತು. 1980ರ ದಶಕದಲ್ಲಿ ಇದನ್ನೇ ಕೆಡವುವ ಮಾತು ಬಂದಿತ್ತು, ಜನ ಎದ್ದು ನಿಂತಿದ್ದರಿಂದ ಉಳಿಯಿತು. ಎರಡೂ ಕಡೆ ಪೊಲೀಸರಿರುತ್ತಾರೆ. ಫೋಟೊ ಬೇಡ ಎಂದರೆ ವಾದಕ್ಕಿಳಿಯಬೇಡಿ, ಡ್ರೋನಿನ ಆಸೆ ಮನೆಯಲ್ಲೇ ಬಿಟ್ಟು ಬನ್ನಿ.

ಇನ್ನು ಕೊರಿಯಾ. ಜಿ.ಪಿ.ಒ. ಕಡೆ ನಡೆದರೆ ವಿಶ್ವೇಶ್ವರಯ್ಯ ಕೇಂದ್ರ, ಎಲ್ಲರ ಬಾಯಲ್ಲಿ ವಿ.ವಿ. ಟವರ್. 1974ರಿಂದ 1980ರ ಅವಧಿಯಲ್ಲಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿ ಕಟ್ಟಿಸಿದ್ದು. ಎತ್ತರದ ಗೋಪುರ, ಪಕ್ಕದಲ್ಲಿ ತಗ್ಗಾದ ಪೋಡಿಯಂ ಬ್ಲಾಕ್. ಪಾಸ್‌ಪೋರ್ಟಿನ ಎಂಥದೋ ಸಹಿಗೋ ಆಯೋಗದ ಮುಂದೆ ಹಾಜರಾಗಲೋ ಬಂದವರು ಇದರ ಬುಡದಲ್ಲಿ ಕಾದು ಕೂತಿದ್ದಾರೆ, ಮೇಲೆ ನೋಡಿದವರು ಕಡಿಮೆ. ರಸ್ತೆಯ ಆಚೆ ಬದಿಗೆ ಗುಂಪನ್ನು ನಿಲ್ಲಿಸಿ ಮೇಲಿನಿಂದ ಕೆಳಕ್ಕೆ ನೋಡಿಸಿ: ನೆರಳು ಎಲ್ಲಿ ಬಿದ್ದಿದೆ, ಗೋಡೆ ಎಲ್ಲಿ ಒಳಗೆ ಸರಿದಿದೆ, ಎಲ್ಲಿ ಮುಂದಕ್ಕೆ ಬಂದಿದೆ. ಕಟ್ಟಡದ ಆಕಾರವನ್ನು ನಿರ್ಧರಿಸಬೇಕಾದದ್ದು ಹವಾಮಾನ ಎಂಬುದು ಕೊರಿಯಾ ಬರೆದು ವಾದಿಸಿದ ಮಾತು. ನಂತರದ ಗಾಜಿನ ಕಟ್ಟಡಗಳು ಆ ಕೆಲಸವನ್ನು ಏಸಿಗೆ ಒಪ್ಪಿಸಿಬಿಟ್ಟವು. ಎ.ಸಿ. ಔಟ್‌ಡೋರ್ ಪೆಟ್ಟಿಗೆ, ಕೇಬಲ್ಲು, ಮಳೆನೀರಿನ ಕಪ್ಪು ಕಲೆ ಇವು ಕಟ್ಟಡದ ತಪ್ಪಲ್ಲ, ನಿರ್ವಹಣೆಯದು. ಇದನ್ನು ಗುಂಪಿಗೆ ಬಿಡಿಸಿ ಹೇಳಿ. ನಮ್ಮಲ್ಲಿ ಆ ಕಾಲದ ಕಾಂಕ್ರೀಟ್ ಕಟ್ಟಡಗಳು ‘ಕೊಳಕು’ ಅನ್ನಿಸಿಕೊಳ್ಳುವುದು ಸುಣ್ಣಬಣ್ಣ ಕಾಣದ್ದರಿಂದಲೇ ಹೆಚ್ಚು. ನೂರು ವರ್ಷ ದಾಟಿದ್ದಕ್ಕೆ ಪಾರಂಪರಿಕ ಅನ್ನುತ್ತೇವೆ, ಐವತ್ತು ವರ್ಷದ್ದನ್ನು ಕೆಡವಲು ಟೆಂಡರ್ ಕರೆಯುತ್ತೇವೆ.

ಭಾನುವಾರ ಈ ಸುತ್ತಮುತ್ತ ಊಟ ಸಿಗುವುದು ಕಷ್ಟ. ವಿಧಾನಸೌಧ ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಎಂ.ಜಿ. ರಸ್ತೆಗೆ ಹೋಗಿ, ಚರ್ಚ್ ಸ್ಟ್ರೀಟಿನಲ್ಲಿ ಊಟ ಮಾಡಿ, ಬಿಸಿಲು ಇಳಿದ ಮೇಲೆ ಉಳಿದದ್ದನ್ನು ಹಿಂದುಮುಂದಾಗಿ ನೋಡಿಕೊಂಡು ಬರಬಹುದು.

ಐದನೇ ಹೆಜ್ಜೆ: ಎಂ.ಜಿ. ರಸ್ತೆಯಿಂದ ಕಬ್ಬನ್ ಪಾರ್ಕ್

ಎಂ.ಜಿ. ರಸ್ತೆಯ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್ 1970ರ ದಶಕದ್ದು, 25 ಮಹಡಿ. ಬಹುಕಾಲ ಊರಿನ ಅತಿ ಎತ್ತರದ ಕಟ್ಟಡ. ನಗರಪಾಲಿಕೆಯದು, ಹೆಸರಿನಲ್ಲೇ ಪಬ್ಲಿಕ್ ಇದೆ. ವಾಸ್ತುಶಿಲ್ಪವಾಗಿ ಅಂಥ ವಿಶೇಷವೇನಿಲ್ಲ. ಆದರೆ ತಳದ ಅಂಗಡಿಗಳ ನಡುವೆ ಯಾರನ್ನೂ ಕೇಳದೆ ಅಡ್ಡಾಡಬಹುದು, ಅಷ್ಟೇ ನೋಡಿ. ರಸ್ತೆಯ ಇನ್ನೊಂದು ಬದಿಯಲ್ಲಿ ಮೊದಲು ಮರಗಳ ಸಾಲಿನ ಕೆಳಗೆ ನಡೆಯುವ ದಾರಿ ಇತ್ತು. ಮೆಟ್ರೊಗಾಗಿ ಅದು ಹೋಯಿತು, 2013ರಲ್ಲಿ ಮೆಟ್ರೊ ಕೆಳಗೇ ರಂಗೋಲಿ ಕಲಾಕೇಂದ್ರ ಬಂತು. ಮೊದಲಿನದನ್ನು ಕಂಡವರಿಗೆ ಇದು ಸಮಾಧಾನವಲ್ಲ, ಕಾಣದವರಿಗೆ ಇದೇ ಚೆನ್ನ.

ಕಸ್ತೂರ್ಬಾ ರಸ್ತೆಯಲ್ಲಿ ಮೂರು ಕಾಲದ ಮೂರು ಕಟ್ಟಡಗಳು ಹತ್ತಿರ ಹತ್ತಿರ. ನೆಹರೂ 1962ರಲ್ಲಿ ಉದ್ಘಾಟಿಸಿದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಕಲಾವಿದ ಕೆ. ವೆಂಕಟಪ್ಪನವರ ಹೆಸರಿನ 1970ರ ದಶಕದ ಗ್ಯಾಲರಿ, 2023ರಲ್ಲಿ ತೆರೆದ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ. ಕೊನೆಯದು ಫ್ರೀಡಂ ಪಾರ್ಕ್ ಮಾಡಿದ ವಾಸ್ತುಶಿಲ್ಪಿಗಳದ್ದೇ. ಮೈತುಂಬ ಗುಣಿಸು ಚಿಹ್ನೆ ಒತ್ತಿದ ಸ್ಟೀಲ್ ತಗಡು, ತಾರಸಿಯ ಮೇಲಿನ ಕಬ್ಬಿಣದ ನೀರಿನ ಟ್ಯಾಂಕನ್ನು ನೆನಪಿಸುತ್ತದೆ. ಅದು ಬೇಕೆಂದೇ ಮಾಡಿದ್ದು. ವೆಂಕಟಪ್ಪ ಗ್ಯಾಲರಿಯ ಒಳಗೆ ಬಿಡುತ್ತಾರಾ ಎಂದು ಅವತ್ತಿನ ದಿನವೇ ವಿಚಾರಿಸಿ. 2016ರಲ್ಲಿ ಇದನ್ನು ಖಾಸಗಿಯವರ ಕೈಗೆ ಕೊಡುವ ಯೋಜನೆ ವಿರುದ್ಧ ಕಲಾವಿದರು ಬೀದಿಗಿಳಿದದ್ದನ್ನು ಹೇಳಲು ಮರೆಯಬೇಡಿ. ಬಾಡಿಗೆ ಕಡಿಮೆ ಇರುವ, ಹೊಸ ಕಲಾವಿದನಿಗೂ ಗೋಡೆ ಸಿಗುವ ಗ್ಯಾಲರಿ ಅವರಿಗೆ ಬರೀ ಕಟ್ಟಡವಾಗಿರಲಿಲ್ಲ.

ದಿನದ ಕೊನೆಗೆ ಮಿನ್ಸ್ಕ್ ಚೌಕ. ಬೆಲಾರೂಸಿನ ರಾಜಧಾನಿ ಮಿನ್ಸ್ಕ್ 1973ರಿಂದ ಬೆಂಗಳೂರಿನ ಸಹೋದರಿ ನಗರ. ಆ ಮಿನ್ಸ್ಕ್‌ನ ಚೌಕಗಳು ಯುದ್ಧದ ನಂತರ ಮೆರವಣಿಗೆಗೆಂದೇ ವಿಶಾಲವಾಗಿ ಕಟ್ಟಿದವು. ಅದರ ಹೆಸರಿನ ನಮ್ಮ ಚೌಕದಲ್ಲಿ ರಸ್ತೆ ದಾಟುವುದೇ ಸಾಹಸ. ಇದರ ಪಕ್ಕದಲ್ಲೇ ಚಿನ್ನಸ್ವಾಮಿ ಕ್ರೀಡಾಂಗಣ. 2025ರ ಜೂನ್ 4ರಂದು ಗೆಲುವಿನ ಸಂಭ್ರಮಕ್ಕೆ ಸೇರಿದ ಜನಸಾಗರದಲ್ಲಿ ಕಾಲ್ತುಳಿತವಾಗಿ 11 ಜನ ಸತ್ತದ್ದು ಅದರ ಗೇಟುಗಳ ಹೊರಗೆ. ಕಾರಣಗಳ ಬಗ್ಗೆ ವಾದವಿವಾದ ಬೇಕಾದಷ್ಟಿದೆ. ಅಷ್ಟು ಜನ ಒಟ್ಟಿಗೆ ಸೇರಬಹುದಾದ ತೆರೆದ ಚೌಕ ಊರಿನ ನಡುವೆ ಒಂದೂ ಇಲ್ಲ ಎಂಬುದರಲ್ಲಿ ವಾದವಿಲ್ಲ. ಇಲ್ಲಿ ಕಬ್ಬನ್ ಪಾರ್ಕ್ ಮೆಟ್ರೊ ಹತ್ತಿಸಿ ಗುಂಪನ್ನು ಮನೆಗೆ ಕಳಿಸಿ.

ಇನ್ನೊಂದು ದಿನ: ವಿಜ್ಞಾನ ಸಂಸ್ಥೆ

ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹಳಬರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯೊಳಗೆ ಗುಂಪಾಗಿ ಹೋಗಲು ಮೊದಲೇ ಬರೆದು ಅನುಮತಿ ಪಡೆಯಿರಿ. ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನವಿದೆ, ಆದರೆ ಅಂದು ಜಾತ್ರೆ. ಕಟ್ಟಡ ನೋಡಲು ಆಗುವುದಿಲ್ಲ.

ಇಲ್ಲಿ ನೋಡಬೇಕಾದವರು ಒಟ್ಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಜರ್ಮನಿ ಬಿಟ್ಟು, ಈಜಿಪ್ಟಿನಲ್ಲಿ ಕೆಲಸ ಮಾಡಿ, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದವರು. 1948ರಲ್ಲಿ ದೆಹಲಿಗೆ ಹೋಗಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು, ಭುವನೇಶ್ವರದ ನಕ್ಷೆ ಮಾಡಿದರು, ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪ ಕಲಿಸಿದರು. ಆ ಪಾಠಕ್ಕೆ ಪ್ರಯೋಗಶಾಲೆಯಾದದ್ದು ಈ ಕ್ಯಾಂಪಸ್ಸು.

ಮೊದಲು ಗೋಪುರವಿರುವ ಕಲ್ಲಿನ ಮುಖ್ಯ ಕಟ್ಟಡದ ಮುಂದೆ, ಜೆ.ಎನ್. ಟಾಟಾ ಪ್ರತಿಮೆಯ ಹತ್ತಿರ ನಿಲ್ಲಿಸಿ. ಗಾಂಭೀರ್ಯ ಅಂದರೆ ಎತ್ತರ, ಸಮಮಿತಿ, ಕಲ್ಲು ಎಂದು ನಂಬಿದ ಕಾಲದ್ದು. ಅಲ್ಲಿಂದ 1942ರ ಕೊನೆಗೆ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಶುರುವಾದ ವೈಮಾನಿಕ ವಿಭಾಗದ ಕಟ್ಟಡಕ್ಕೆ ಕರೆದೊಯ್ಯಿರಿ. ಮಹಾಯುದ್ಧದ ನಡುವೆ, ವಿಮಾನದ ಎಂಜಿನಿಯರುಗಳು ತುರ್ತಾಗಿ ಬೇಕಿದ್ದಾಗ ಕಟ್ಟಿದ್ದು. ಗೋಡೆಯ ಉದ್ದಕ್ಕೂ ಹರಿಯುವ ಅಡ್ಡ ಸಜ್ಜಾಗಳನ್ನು ತೋರಿಸಿ. ಮೇಸ್ತ್ರಿಗಳ ಬಾಯಲ್ಲಿ ಇವತ್ತಿಗೂ ಇರುವ ಈ ಸಜ್ಜಾ ಬೆಂಗಳೂರಿನ ಮನೆಮನೆಯ ಕಿಟಕಿಯ ಮೇಲಿದೆ. ಇಲ್ಲಿ ಅದೇ ಇಡೀ ಕಟ್ಟಡದ ಮುಖವಾಗಿದೆ. ಅಳತೆ ಪಟ್ಟಿಯೊಂದು ಜೊತೆಗಿರಲಿ: ಬೆಳಿಗ್ಗೆ ಹತ್ತಕ್ಕೆ ಸಜ್ಜಾದ ನೆರಳು ಗೋಡೆಯ ಮೇಲೆ ಎಲ್ಲಿಗೆ ಬಂತು, ಹನ್ನೆರಡಕ್ಕೆ ಎಲ್ಲಿಗೆ ಇಳಿಯಿತು ಎಂದು ಅಳೆದರೆ ಹುಡುಗರಿಗೆ ವಿನ್ಯಾಸದ ಲೆಕ್ಕ ತಾನಾಗಿ ಹೊಳೆಯುತ್ತದೆ.

ವಾಪಸು ಬರುವಾಗ ವೈಯಾಲಿಕಾವಲ್ಲಿನ ಚೌಡಯ್ಯ ಸ್ಮಾರಕ ಭವನ. 1980ರದು, ಪಿಟೀಲಿನ ಆಕಾರ. ಪಿಟೀಲು ಚೌಡಯ್ಯನವರ ಏಳು ತಂತಿಯನ್ನೂ ಬಿಟ್ಟಿಲ್ಲ. ವಾಸ್ತುಶಿಲ್ಪ ಓದಿದವರು ಮೂಗು ಮುರಿಯುತ್ತಾರೆ, ಕಚೇರಿ ಕೇಳಲು ಬರುವವರು ಮುರಿಯುವುದಿಲ್ಲ. ಹತ್ತು ನಿಮಿಷ ಸಾಕು.

ಮೂರನೇ ಸುತ್ತು: ಬಸವನಗುಡಿ ಮತ್ತು ಬನ್ನೇರುಘಟ್ಟ ರಸ್ತೆ

1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪವೂ ಕೋನಿಗ್ಸ್‌ಬರ್ಗರ್ ಕೈಯದೇ. ಇಲ್ಲಿ ಏನೂ ಹೇಳದೆ, ವಿಜ್ಞಾನ ಸಂಸ್ಥೆಯ ಕಟ್ಟಡ ಮಾಡಿದವರದ್ದೇ ಇದು ಅನ್ನಿಸುತ್ತದಾ ಎಂದು ಗುಂಪಿಗೆ ಕೇಳಿ. ದಿವಾನರ, ದಾನಿಗಳ ಅಭಿರುಚಿಗೂ ವಾಸ್ತುಶಿಲ್ಪಿಯ ಮನಸ್ಸಿಗೂ ನಡುವಿನ ಹಗ್ಗಜಗ್ಗಾಟ ಅಲ್ಲಿಂದ ಮಾತಿಗೆ ಬರುತ್ತದೆ. ಕೂರಲು ಜಾಗ? ಸಂಜೆ ಹೋಗಿ ನೋಡಿ, ಹಿರಿಯರ ನಡುವೆ ನಿಮಗೇ ಸಿಗುವುದಿಲ್ಲ. ಗಾಂಧಿ ಬಜಾರು ಅಲ್ಲೇ ಹತ್ತಿರ, ವಿದ್ಯಾರ್ಥಿ ಭವನದ ದೋಸೆಗೆ ಸಾಲು ನಿಲ್ಲುವ ತಾಳ್ಮೆ ಇದ್ದವರು ನಿಲ್ಲಿ.

ಇಡೀ ಪ್ರವಾಸದಲ್ಲಿ ಒಂದೇ ಕಟ್ಟಡ ನೋಡಲು ಸಮಯವಿದೆ ಎಂದರೆ ನಾನು ಕಳಿಸುವುದು ಬನ್ನೇರುಘಟ್ಟ ರಸ್ತೆಯ ಐಐಎಂಗೆ. ಇದಕ್ಕೂ ಅನುಮತಿ ಬೇಕು. ಸಂಸ್ಥೆ ಹುಟ್ಟಿದ್ದು 1973ರಲ್ಲಿ, ಕ್ಯಾಂಪಸ್ಸು ಎದ್ದದ್ದು ನಂತರದ ಹತ್ತು ವರ್ಷಗಳಲ್ಲಿ. ವಿನ್ಯಾಸ ಬಾಲಕೃಷ್ಣ ದೋಶಿಯವರದ್ದು. ಪ್ಯಾರಿಸ್ಸಿನಲ್ಲಿ ಲ ಕಾರ್ಬೂಸಿಯೇ ಹತ್ತಿರ ಕೆಲಸ ಕಲಿತು, ಅಹಮದಾಬಾದಿನ ಐಐಎಂ ಕಟ್ಟುವಾಗ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಜೊತೆಗಿದ್ದು, 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ.

ಇಲ್ಲಿ ‘ಮುಂಭಾಗ’ ಹುಡುಕಬೇಡಿ, ಹಾಗೆಂಬುದು ಇಲ್ಲ. ಫತೇಪುರ್ ಸಿಕ್ರಿಯಿಂದ ದೋಶಿ ತಂದದ್ದು ಕಮಾನು ಗುಮ್ಮಟಗಳನ್ನಲ್ಲ, ಒಂದರೊಳಗೊಂದು ತೆರೆದುಕೊಳ್ಳುವ ಅಂಗಳಗಳ ಸಾಲನ್ನು. ಕಾರಿಡಾರುಗಳು ಕೆಲವೆಡೆ ಮೂರು ಮಹಡಿ ಎತ್ತರ. ಒಂದು ಕಡೆ ಪೂರ್ತಿ ಆಕಾಶ, ಇನ್ನೊಂದು ಕಡೆ ತಲೆ ಮೇಲೆ ಬರೀ ಕಾಂಕ್ರೀಟ್ ತೊಲೆಗಳ ಚೌಕಟ್ಟು, ಮತ್ತೊಂದು ಕಡೆ ಬೆಳಕಿಂಡಿ. ಗೋಡೆ ಒರಟು ಬೂದುಗಲ್ಲು, ಗಾರೆಯಿಲ್ಲ. ಕೈಯಿಟ್ಟು ನೋಡಲು ಹೇಳಿ: ಬಿಸಿಲಿಗೆ ಮುಖ ಮಾಡಿದ ಕಲ್ಲು ಸುಡುತ್ತದೆ, ನಾಲ್ಕು ಹೆಜ್ಜೆ ಒಳಗಿನ ಅದೇ ಗೋಡೆ ತಣ್ಣಗಿರುತ್ತದೆ. ಕ್ಲಾಸ್‌ರೂಮಿನ ಹೊರಗೆ, ಕಾರಿಡಾರ್ ಅಗಲವಾಗುವ ತಿರುವುಗಳಲ್ಲಿ, ಕಂಬದ ಬುಡದ ಕಟ್ಟೆಗಳ ಮೇಲೆ ವಿದ್ಯಾರ್ಥಿಗಳು ಕೂತಿರುತ್ತಾರೆ. ಪಾಠ ನಡೆಯುವುದು ಕೋಣೆಯಲ್ಲಿ ಮಾತ್ರವಲ್ಲ, ಕೋಣೆಯಿಂದ ಕೋಣೆಗೆ ಹೋಗುವಾಗ ಎಂದು ನಂಬಿ ಮಾಡಿದ ನಕ್ಷೆ ಇದು. ಬೆಂಗಳೂರಿನ ಹವೆ ಇಲ್ಲದಿದ್ದರೆ ಇಷ್ಟು ಜಾಗವನ್ನು ಹೀಗೆ ತೆರೆದಿಡಲು ಆಗುತ್ತಿರಲಿಲ್ಲ.

ಇಲ್ಲಿ ವಿವರಣೆಯನ್ನು ಗೇಟಿನ ಬಳಿ ಐದು ನಿಮಿಷಕ್ಕೆ ಮುಗಿಸಿ. ಆಮೇಲೆ ಗುಂಪನ್ನು ಬಿಡಿಬಿಡಿಯಾಗಿ ಬಿಟ್ಟು, ಪ್ರತಿಯೊಬ್ಬರೂ ತಮಗೆ ಕೂರಬೇಕೆನಿಸಿದ ಒಂದು ಜಾಗ ಆರಿಸಿ ಅದರ ಚಿಕ್ಕ ನಕ್ಷೆ ಪೆನ್ಸಿಲಿನಲ್ಲಿ ಬಿಡಿಸಲಿ. ನೆರಳು ಎತ್ತ ಬಿದ್ದಿದೆ, ಗಾಳಿ ಎತ್ತಣಿಂದ ಎಂದು ಗುರುತು ಹಾಕಿದರೆ ಸಾಕು, ಚಿತ್ರ ಚೆನ್ನಾಗಿರಬೇಕಿಲ್ಲ. ತರಗತಿ ನಡೆಯುವ ಹೊತ್ತಾದರೆ ಮಾತು ಕಡಿಮೆ ಇರಲಿ. ಹೊರಡುವಾಗ ಸಂಜೆ ಐದಕ್ಕೆ ಮುಂಚೆ ಗೇಟು ದಾಟಿಬಿಡಿ, ಬನ್ನೇರುಘಟ್ಟ ರಸ್ತೆಯಲ್ಲಿ ಆಮೇಲೆ ಆಟೊದವರೂ ಬರಲು ಒಪ್ಪುವುದಿಲ್ಲ.